ಕಾಗದದ ತೂಕ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ತಾಯಿಯೊಬ್ಬಳು ಕನಕಪುರದಲ್ಲಿ ಓದುತ್ತಿರುವ ಮಗಳಿಗೆ ಕಾಗದ ಬರೆದು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದಳೆನ್ನಿ. ತೂಕ 20 ಗ್ರಾಂ ಮೀರದಿದ್ದರೆ ಐದು ರೂಪಾಯಿಯ ಅಂಚೆ ಚೀಟಿ ಸಾಕು. ಅದೇ ದಿನ ಕಾಶ್ಮೀರದಲ್ಲಿ ದುಡಿಯುತ್ತಿರುವ ಮಗನಿಗೂ ಒಂದು ಕಾಗದ ಬರೆದರೆ ಅದಕ್ಕೂ ಐದೇ ರೂಪಾಯಿ. ಬಸ್ಸಿನ ಟಿಕೆಟಿನ ಲೆಕ್ಕವನ್ನಷ್ಟೇ ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು. ಕಾಗದದ ದರಕ್ಕೆ ತೂಕವುಂಟು, ದೂರವಿಲ್ಲ.

ಹಿಂದೆ ಹೀಗಿರಲಿಲ್ಲ. 1854ಕ್ಕೆ ಮೊದಲು ಕಂಪನಿ ಸರ್ಕಾರದ ಅಂಚೆಯಲ್ಲಿ ದೂರ ಬೆಳೆದಂತೆ ದರವೂ ಬೆಳೆಯುತ್ತಿತ್ತು. ಒಂದು ತೊಲ ತೂಕದ ಕಾಗದ ಕಲ್ಕತ್ತೆಯಿಂದ ಮುಂಬಯಿಗೆ ಹೋಗಲು ಒಂದು ರೂಪಾಯಿ. ಅದೂ ಬೆಳ್ಳಿಯ ರೂಪಾಯಿ. ಬಡವನಿಗೆ ಅದು ನಿಲುಕುವ ಮಾತಾಗಿರಲಿಲ್ಲ.

ಇಂಗ್ಲೆಂಡಿನ ಸ್ಥಿತಿಯೂ ಅದೇ ಆಗಿದ್ದಿತು. ಅಲ್ಲಿ ಸಾಮಾನ್ಯವಾಗಿ ಕಾಗದ ಪಡೆಯುವವರೇ ಹಣ ತೆರಬೇಕಾಗಿತ್ತು. ಕವಿ ಕೋಲ್‌ರಿಜ್‌ನ ಹೆಸರಿನೊಡನೆ ಒಂದು ಪ್ರಸಂಗ ಪ್ರಚಲಿತವಾಗಿದೆ. ಗುಡಿಸಲೊಂದರ ಬಾಗಿಲಲ್ಲಿ ಹೆಣ್ಣುಮಗಳೊಬ್ಬಳು ಸೋದರನ ಕಾಗದವನ್ನು, ತೆರಲು ಹಣವಿಲ್ಲವೆಂದು ಹಿಂತಿರುಗಿಸುತ್ತಿದ್ದಳು. ಕನಿಕರಗೊಂಡ ಕವಿ ತಾನೇ ಹಣ ಕೊಟ್ಟು ಅದನ್ನು ಬಿಡಿಸಿದ. ಅಂಚೆಯವನು ಮರೆಯಾದ ಮೇಲೆ ಅವಳು ಅದನ್ನು ಬಿಚ್ಚಿ ತೋರಿಸಿದಳು. ಒಳಗೆ ಒಂದಕ್ಷರವೂ ಇರಲಿಲ್ಲ! ತಾನು ಕ್ಷೇಮವಾಗಿದ್ದರೆ ಸೋದರನು ಬರಿಯ ಹಾಳೆಯನ್ನು ಕಳುಹಿಸುವುದು, ಇವಳು ಅದನ್ನು ಪಡೆಯದೆ ಮರಳಿಸುವುದು. ಇದು ಅವರಿಬ್ಬರ ಒಪ್ಪಂದ. ಇದನ್ನು ಮೋಸವೆನ್ನುವವರು ಎನ್ನಲಿ. ಆ ಮೋಸದಲ್ಲಿ ದೊಡ್ಡ ಪಾಲು ಅಂದಿನ ದರಕ್ಕೇ ಸಲ್ಲಬೇಕು.

ಮೊದಲು ಉಪಾಧ್ಯಾಯನಾಗಿದ್ದ ರೋಲಂಡ್ ಹಿಲ್ ಎಂಬಾತ ಈ ದರದ ಒಳಗುಟ್ಟನ್ನು ಹುಡುಕಲು ಹೊರಟ. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದವನ್ನು ಸಾಗಿಸುವ ವೆಚ್ಚ ಒಂದು ಪೆನ್ನಿಯ ಮೂವತ್ತಾರರಲ್ಲಿ ಒಂದು ಭಾಗ ಮಾತ್ರವೆಂದು 1837ರ ತನ್ನ ಕಿರುಹೊತ್ತಗೆಯಲ್ಲಿ ಲೆಕ್ಕಹಾಕಿ ತೋರಿಸಿದ. ಹಣ ಕರಗುತ್ತಿದ್ದುದು ದಾರಿಯಲ್ಲಲ್ಲ. ದೂರವನ್ನೆಣಿಸಿ ದರ ಗೊತ್ತುಮಾಡುವುದರಲ್ಲಿ, ಮನೆಬಾಗಿಲಲ್ಲಿ ವಸೂಲಿಗಾಗಿ ಕಾಯುವುದರಲ್ಲಿ, ಅದರ ಲೆಕ್ಕವಿಡುವುದರಲ್ಲಿ. ಮೊದಲೇ ಚೀಟಿ ಅಂಟಿಸಿಬಿಟ್ಟರೆ ಇವೆಲ್ಲ ತಪ್ಪುವುವು. 1840ರಲ್ಲಿ ಇಂಗ್ಲೆಂಡ್ ಈ ಮಾತನ್ನು ಒಪ್ಪಿತು. ಭಾರತದಲ್ಲಿ 1854ರ ಅಕ್ಟೋಬರ್ 1ರಿಂದ ಕಾಲು ತೊಲದ ಕಾಗದಕ್ಕೆ, ಎಷ್ಟೇ ದೂರವಿರಲಿ, ಅರ್ಧಾಣೆಯಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ನಡೆದುಬಂದ ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿಹೋಯಿತು.

ದೂರದ ಲೆಕ್ಕ ಹೀಗೆ ಹೋಯಿತು. ತೂಕದ ಲೆಕ್ಕ ಉಳಿಯಿತು. ಮಿತವ್ಯಯಿಯಾದವನು ಅರಿಯಬೇಕಾದುದು ಇದನ್ನೇ. ಎ-4 ಅಳತೆಯ ಸಾಧಾರಣ ಹಾಳೆಯೊಂದು ಸುಮಾರು ಐದು ಗ್ರಾಂ ತೂಗುತ್ತದೆ. ತೆಳುವಾದ ಲಕೋಟೆಯಲ್ಲಿ ಮೂರು ಹಾಳೆ ಹಿಡಿಸಬಹುದು. ನಾಲ್ಕನೆಯದನ್ನು ಸೇರಿಸಿದರೆ ತೂಕ 20 ಗ್ರಾಂ ದಾಟಿ ಇನ್ನೂ ಐದು ರೂಪಾಯಿ ತೆರಬೇಕಾಗುತ್ತದೆ. ಹಾಳೆಯ ಎರಡೂ ಮಗ್ಗುಲಲ್ಲಿ ಬರೆದರೆ ಆ ಹಣ ಉಳಿದೀತು. ಒಳಗೆ ಏನನ್ನೂ ಇಡುವುದಿಲ್ಲವಾದರೆ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರ ಸಾಕು. ಕ್ಷೇಮಸಮಾಚಾರವಷ್ಟೇ ಆದರೆ ಐವತ್ತು ಪೈಸೆಯ ಕಾರ್ಡಿದೆ. ಇಲಾಖೆಗೆ ಅದರ ಮೇಲೆ ತಗಲುವ ವೆಚ್ಚ ಅದರ ಎಷ್ಟೋ ಪಟ್ಟು. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದೆಂಬುದು ನಿಜ. ಗುಟ್ಟಿಗೆ ಬೆಲೆ ಹೆಚ್ಚು! ಪಠ್ಯಪುಸ್ತಕಗಳನ್ನು ಕಳುಹಿಸುವವರಿಗಾಗಿ 2025ರ ಮೇ 1ರಂದು ‘ಜ್ಞಾನ್ ಪೋಸ್ಟ್’ ಆರಂಭವಾಯಿತು. ಆಗ ಗೊತ್ತುಮಾಡಿದ ದರ, ತೆರಿಗೆಯನ್ನು ಬಿಟ್ಟು, 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗ್ರಾಂಗೆ 100 ರೂಪಾಯಿ.

ಹಿಂದಿನವರು ಬಲ್ಲ ಇನ್ನೊಂದು ಬಗೆಯ ಉಳಿತಾಯವೂ ಇದ್ದಿತು: ಚೀಟಿಯನ್ನೇ ಅಂಟಿಸದೆ ಕಾಗದವನ್ನು ಡಬ್ಬಿಗೆ ಹಾಕುವುದು. ಇಂಥ ‘ಬೇರಿಂಗ್’ ಕಾಗದವನ್ನು ಅಂಚೆಯವನು ಹಣದ ಸಲುವಾಗಿಯಾದರೂ ತಪ್ಪದೆ ಮುಟ್ಟಿಸುವನೆಂಬ ನಂಬಿಕೆ ಜನರಲ್ಲಿತ್ತು. ಹಣ ಉಳಿಯುತ್ತಿದ್ದುದು ಬರೆದವನಿಗೆ. ಪಡೆಯುವವರು ಇಮ್ಮಡಿ ತೆರಬೇಕಾಗಿತ್ತು. ಮಗನ ಕೈಬರಹವನ್ನು ಲಕೋಟೆಯ ಮೇಲೆ ಕಂಡ ತಾಯಿ ಸೆರಗಿನ ಗಂಟು ಬಿಚ್ಚಿ, ಇದ್ದ ಕಾಸನ್ನು ಎಣಿಸಿ, ಸಾಲದೆ ನೆರೆಮನೆಗೆ ಕೈಗಡಕ್ಕೆ ಹೋಗುತ್ತಿದ್ದಳು. ಅಷ್ಟುಹೊತ್ತೂ ಅಂಚೆಯವನು ಆ ಕಾಗದವನ್ನು ಹಿಡಿದುಕೊಂಡು ಜಗುಲಿಯ ಮೇಲೆ ಕಾಯುತ್ತಿದ್ದನು.