ಮನೆಯ ಕ್ಯಾಮರಾ ಎಷ್ಟು ಸ್ಪಷ್ಟವಿರಬೇಕು?

ಸಹೋದರಿಯರೇ, ಇಂದು ಹಳ್ಳಿಯ ಮನೆಗಳ ಜಗಲಿಯಲ್ಲೂ ಸಿಸಿ ಕ್ಯಾಮರಾ ಕಾಣಸಿಗುತ್ತದೆ. ಪತಿ ಗಲ್ಫ್‌ನಲ್ಲಿ, ಮಕ್ಕಳು ಶಾಲೆಯಲ್ಲಿ, ಮನೆಯಲ್ಲಿ ವಯಸ್ಸಾದವರು ಮಾತ್ರ. ಹೀಗಿರುವಾಗ ಅದನ್ನು ಆಡಂಬರವೆನ್ನಲಾಗದು. ಆದರೆ ಮೊಬೈಲ್‌ನಲ್ಲಿ ದೃಶ್ಯ ನೋಡುವಾಗ ಪ್ರಶ್ನೆಯೊಂದು ಎದುರಾಗುತ್ತದೆ: ಎಚ್‌ಡಿಯೋ, ಎಸ್‌ಡಿಯೋ? ಸ್ಪಷ್ಟವಾಗಿರುವುದೇ ಒಳ್ಳೆಯದೆಂದು ಹೆಚ್ಚಿನವರು ಎಚ್‌ಡಿಯನ್ನೇ ಒತ್ತುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

1920x1080 ಅಳತೆಯ ಎಚ್‌ಡಿ ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿರುತ್ತವೆ. 640x360ರ ಎಸ್‌ಡಿ ಚಿತ್ರದಲ್ಲಿ ಸುಮಾರು 2.3 ಲಕ್ಷ. ಚುಕ್ಕೆಗಳು ಹೆಚ್ಚಿದಂತೆ ಡಾಟಾ ಕೂಡಾ ಹೆಚ್ಚು ಬೇಕು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರುವ ಎಚ್‌ಡಿ ದೃಶ್ಯವನ್ನು ಒಂದು ಗಂಟೆ ನೋಡಿದರೆ ಸುಮಾರು 900 ಎಂಬಿ ಮುಗಿಯುತ್ತದೆ. ಅರ್ಧ ಮೆಗಾಬಿಟ್‌ನ ಎಸ್‌ಡಿಗೆ 225 ಎಂಬಿ ಸಾಕು. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಕೊಂಡವರಿಗೆ ಇದು ಸಣ್ಣ ವ್ಯತ್ಯಾಸವೇ?

ನಾನು ಶಾಲೆಯಲ್ಲಿರುವಾಗ ಮನೆಯಲ್ಲಿ ಅತ್ತೆಯವರು ಒಬ್ಬರೇ. ವಿರಾಮದ ವೇಳೆ ಮೊಬೈಲ್ ತೆರೆದಾಗ ನನಗೆ ತಿಳಿಯಬೇಕಾದದ್ದು ಅವರ ಸೀರೆಯ ಅಂಚಿನ ಬಣ್ಣವಲ್ಲ. ಅವರು ಎದ್ದು ಜಗಲಿಗೆ ಬಂದಿದ್ದಾರೆಯೇ ಎಂಬುದಷ್ಟೇ. ಮಳೆಗಾಲದಲ್ಲಿ ನೆಟ್‌ವರ್ಕ್ ಕುಂಟುವಾಗ ಎಚ್‌ಡಿಯಲ್ಲಿ ಬರೀ ವೃತ್ತವೊಂದು ಸುತ್ತುತ್ತಿರುತ್ತದೆ. ಅಷ್ಟರಲ್ಲಿ ಮನಸ್ಸು ಏನೇನನ್ನೋ ಊಹಿಸಿ ಬಿಡುತ್ತದೆ! ಎಸ್‌ಡಿಯಲ್ಲಾದರೆ ಅವರು ಮಲ್ಲಿಗೆ ಗಿಡದ ಬಳಿ ನಿಂತಿರುವುದು ಬೇಗ ಕಾಣುತ್ತದೆ. ನಾನು ನಿಶ್ಚಿಂತೆಯಿಂದ ತರಗತಿಗೆ ಹೋಗುತ್ತೇನೆ.

ಹಾಗಾದರೆ ಎಚ್‌ಡಿ ಬೇಡವೇ? ಖಂಡಿತ ಬೇಕು, ಆದರೆ ರೆಕಾರ್ಡಿಂಗ್‌ಗೆ. ಒಮ್ಮೆ ಚಿನ್ನಾಭರಣ ಪಾಲಿಶ್ ಮಾಡಿಕೊಡುತ್ತೇವೆಂದು ಇಬ್ಬರು ಅಪರಿಚಿತರು ಬಂದರು. ಅತ್ತೆ ಬಾಗಿಲು ತೆರೆಯಲಿಲ್ಲ. ಸಂಜೆ ಮೆಮೊರಿ ಕಾರ್ಡಿನ ದೃಶ್ಯವನ್ನು ನೋಡಿದೆವು. ಮುಖಗಳು ಸ್ಪಷ್ಟವಾಗಿದ್ದವು. ನೆರೆಮನೆಯವರಿಗೆ ತೋರಿಸಿ ಎಚ್ಚರಿಸಲು ಸಾಧ್ಯವಾಯಿತು. ಅದು ಎಸ್‌ಡಿಯಲ್ಲಿದ್ದರೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಮಸುಕೇ. ಇಲ್ಲದ ಚುಕ್ಕೆಗಳು ಮತ್ತೆ ಬರುವುದಿಲ್ಲ.

ಇಂದಿನ ಅನೇಕ ಕ್ಯಾಮರಾಗಳಲ್ಲಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ರೆಕಾರ್ಡಿಂಗ್‌ಗೆ ಮೈನ್ ಸ್ಟ್ರೀಮ್, ಮೊಬೈಲ್‌ಗೆ ಸಬ್ ಸ್ಟ್ರೀಮ್. ಕ್ಯಾಮರಾ ಹಾಕುವವರಲ್ಲಿ ಕೇಳಿ ಮಾಡಿಸಿಕೊಳ್ಳಿ. 2 ಮೆಗಾಬಿಟ್ ಎಚ್‌ಡಿಯಲ್ಲಿ ಎಡೆಬಿಡದೆ ರೆಕಾರ್ಡ್ ಆದರೆ 64 ಜಿಬಿ ಕಾರ್ಡ್ ಸುಮಾರು 3 ದಿನಗಳಲ್ಲಿ ತುಂಬುತ್ತದೆ. ಚಲನೆಯಿದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟರೆ ಹೆಚ್ಚು ದಿನ ಬರುತ್ತದೆ.

ಇನ್ನೊಂದು ಮಾತು. ಚಿತ್ರ ಸ್ಪಷ್ಟವಾದಷ್ಟೂ ಅದು ದೂರದ್ದನ್ನೂ ತೋರಿಸುತ್ತದೆ. ನೆರೆಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುವ ಸಹೋದರಿ ನಮ್ಮ ಕ್ಯಾಮರಾದೊಳಗೆ ಬರಬಾರದು. ನೆಮ್ಮದಿಯಿಂದ ಓಡಾಡುವುದು ಆಕೆಯ ಹಕ್ಕು. ನಮ್ಮ ಗೇಟಿನವರೆಗೆ ಕಂಡರೆ ಸಾಕು. ಮಲಗುವ ಕೋಣೆಗೆ ಕ್ಯಾಮರಾ ಬೇಡವೇ ಬೇಡ. ಅಳವಡಿಸಿದವರು ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿರಿ. ಮನೆಯ ಹಿರಿಯರಿಗೂ ಕ್ಯಾಮರಾ ಇರುವ ವಿಷಯ ತಿಳಿಸಿರಿ. ಎಷ್ಟು ಸ್ಪಷ್ಟವಾಗಿ ನೋಡಬೇಕೆಂಬುದಕ್ಕಿಂತ ಮೊದಲು, ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂಬುದನ್ನು ನಿರ್ಧರಿಸೋಣ.