ಬಾದಾಮಿ ಸೀಮೆಯ ಹಳೆಯ ಚಿತ್ರಗಳು

೧೮೧೮ನೆಯ ಇಸವಿಯ ಫೆಬ್ರವರಿಯಲ್ಲಿ ಥಾಮಸ್ ಮನ್ರೋ ಬಾದಾಮಿಯ ಕೋಟೆಯನ್ನು ಹಿಡಿದನು. ಅದೇ ವರ್ಷದ ಆಗಸ್ಟಿನಲ್ಲಿ, ವಾಯವ್ಯ ಜಲಮಾರ್ಗವನ್ನು ಅರಸಿ ಹೊರಟಿದ್ದ ಬ್ರಿಟಿಷ್ ನಾವಿಕ ಜಾನ್ ರಾಸನು ಗ್ರೀನ್‌ಲೆಂಡಿನ ಹಿಮರಾಶಿಯ ಮೇಲೆ ಇನ್ಯೂಟ್ ಜನರನ್ನು ಕಂಡನು. ಆ ಭೇಟಿಯ ಚಿತ್ರವು ಮರುವರ್ಷ ರಾಸನ ಪುಸ್ತಕದಲ್ಲಿ ಅಚ್ಚಾಯಿತು: ಟೋಪಿ ಧರಿಸಿದ ಅಧಿಕಾರಿಗಳು, ಚರ್ಮದ ಉಡುಪಿನ ಜನ, ನಾಯಿಗಳು, ಜಾರುಬಂಡಿ. ಅದನ್ನು ಬರೆದವನು ಹಡಗಿನ ದುಭಾಷಿ ಜಾನ್ ಸಾಕೌಸ್, ಅವನೂ ಇನ್ಯೂಟನೇ. ಪರದೇಶದ ಅನ್ವೇಷಕರ ಗ್ರಂಥದಲ್ಲಿ ಆ ಜನರ ಪೈಕಿಯವನೇ ಬರೆದ ಚಿತ್ರ ಸೇರಿದ್ದು ಅಪೂರ್ವವೇ ಸರಿ.

ಬಾದಾಮಿಯ ಸೀಮೆಗೆ ಅಂಥ ಭಾಗ್ಯ ಒದಗಲಿಲ್ಲ. ಇಲ್ಲಿಗೆ ಬಂದದ್ದು ಕುಂಚವಲ್ಲ, ಕ್ಯಾಮೆರಾ. ೧೮೫೫ರಲ್ಲಿ ಮುಂಬಯಿ ಸರಕಾರವು ತೋಪಖಾನೆಯ ಕ್ಯಾಪ್ಟನ್ ಬಿಗ್ಸ್‌ನನ್ನು ಛಾಯಾಚಿತ್ರಕಾರನನ್ನಾಗಿ ನೇಮಿಸಿತು. ಬಿಜಾಪುರ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಸುತ್ತಿ ಅವನು ನೂರಕ್ಕೂ ಹೆಚ್ಚು ಚಿತ್ರಗಳನ್ನು ಕಾಗದದ ಮೇಲೆ ಹಿಡಿದನು. ಅವನು ಸೈನ್ಯಕ್ಕೆ ಮರಳಿದ ಮೇಲೆ ವೈದ್ಯನಾದ ಡಾ. ಪಿಗೂ ಆ ಕೆಲಸವನ್ನು ಮುಂದುವರಿಸಿದನು. ಇವರ ಚಿತ್ರಗಳನ್ನು ಸೇರಿಸಿ ೧೮೬೬ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವೊಂದು ಹೊರಬಂದಿತು. ಅದರ ಇತಿಹಾಸಭಾಗವನ್ನು ಬರೆದವನು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್. ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು.

ಅಂದಿನ ಕ್ಯಾಮೆರಾ ಬಹು ತಾಳ್ಮೆಯ ಯಂತ್ರ. ಕಾಗದದ ಮೇಲೆ ಬಿಂಬ ಮೂಡಲು ನಿಮಿಷಗಳೇ ಹಿಡಿಯುತ್ತಿದ್ದವು. ಅಲುಗದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು. ನೀರು ಹೊತ್ತು ನಡೆದವಳು, ದನ ಹೊಡೆದುಕೊಂಡು ಹೋದವನು ಮಬ್ಬಾಗುತ್ತಿದ್ದರು, ಇಲ್ಲವೇ ಮಾಯವಾಗುತ್ತಿದ್ದರು. ಕದಲದೆ ನಿಂತವನು ಕಂಬದ ಎತ್ತರವನ್ನು ತೋರುವ ಅಳತೆಗೋಲಾಗುತ್ತಿದ್ದನು. ಈ ವಿಷಯದಲ್ಲಿ ಚಾಲುಕ್ಯರ ಶಿಲ್ಪಿಗಳೇ ಹೆಚ್ಚು ಉದಾರಿಗಳು: ಕ್ರಿ.ಶ. ೫೭೮ರಲ್ಲಿ ಮಂಗಳೇಶನು ಮಾಡಿಸಿದ ಬಾದಾಮಿಯ ಮೂರನೆಯ ಗುಹೆಯ ಕಂಬಗಳ ಮೇಲೆ ದಂಪತಿಗಳು ತಮ್ಮ ಉಡುಗೆ, ಮುಡಿ, ಸರಸಗಳೊಡನೆ ಇಂದಿಗೂ ನಿಂತಿದ್ದಾರೆ.

ಇಳಕಲ್ಲಿನ ನೇಕಾರನನ್ನು ಹುಡುಕಿಕೊಂಡು ಯಾವ ಕ್ಯಾಪ್ಟನ್ನನನ್ನೂ ಕಳುಹಿಸಲಿಲ್ಲ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಅವನ ಕೈಚಳಕ ಯಾವ ದೇಗುಲಕ್ಕೆ ಕಡಮೆ? ಬಾಗಲಕೋಟೆಯ ಹಳೆಯ ಪೇಟೆಯ ಮನೆಗಳನ್ನು ಕೂಡ ಆ ಗ್ರಂಥ ಗಣಿಸಲಿಲ್ಲ. ಮುಂದೆ ಆಲಮಟ್ಟಿಯ ಹಿನ್ನೀರು ಆ ಊರಿನ ಒಂದು ಭಾಗವನ್ನು ನುಂಗಿತು. ಅಲ್ಲಿದ್ದವರು ನವನಗರಕ್ಕೆ ಹೋಗಿ ನೆಲೆಸಿದರು.

ಆದರೆ ಹುನಗುಂದದ ಸೀಮೆಯ ಐಹೊಳೆಯಲ್ಲಿ ಜನರು ಬೇರೊಂದು ದಾರಿಯಿಂದ ಉಳಿದುಕೊಂಡಿದ್ದಾರೆ. ಆಂಗ್ಲರು ಊರನ್ನೇ ‘ಐವಲ್ಲಿ’ ಎಂದು ಬರೆದುಕೊಂಡರು, ಇರಲಿ. ಗುಡಿಗಳ ಹೆಸರನ್ನು ಕೇಳಿದರೆ ಸಾಕು: ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಕಟ್ಟಿಸಿದ ಅರಸರ ಹೆಸರುಗಳಲ್ಲ ಇವು. ಲಾಡ್ ಖಾನ್ ಗುಡಿಗೆ ಹೆಸರು ಬಂದದ್ದು ಒಂದು ಕಾಲಕ್ಕೆ ಅಲ್ಲಿ ವಾಸವಾಗಿದ್ದವನಿಂದ. ಚಾಲುಕ್ಯರ ಸಭಾಮಂಟಪ ಅವನಿಗೆ ಮನೆಯಾಗಿತ್ತು. ಇನ್ನು ದುರ್ಗದ ಗುಡಿಯನ್ನು ದುರ್ಗಾದೇವಿಯದೆಂದು ಯಾತ್ರಿಕರು ಕೈಮುಗಿಯುವುದುಂಟು. ನಿಜಕ್ಕೆ ಅದು ಕೋಟೆಯ ಗುಡಿ. ಯುದ್ಧದ ದಿನಗಳಲ್ಲಿ ಯಾರೋ ಅದರ ಮಾಳಿಗೆಯ ಮೇಲೆ ಕಾಡುಗಲ್ಲು ಪೇರಿಸಿ ಕಾವಲು ಕಾಯ್ದಿದ್ದರು. ಆ ಕಲ್ಲುಗಳು ಈಗ ಅಲ್ಲಿಲ್ಲ. ಊರವರು ಮಾತ್ರ ಇಂದಿಗೂ ಅದನ್ನು ದುರ್ಗದ ಗುಡಿಯೆಂದೇ ಕರೆಯುತ್ತಾರೆ.