ಗುಂಡಿ ಹಾಕೋಕೆ ಬರುತ್ತಾ?

ಸ್ತನದ ಗಡ್ಡೆಗೆ ಆಪರೇಷನ್‌ಗಿಂತ ಮೊದಲೇ ಕಿಮೋ ಕೊಡುವುದರಲ್ಲಿ ಒಂದು ಅನುಕೂಲವಿದೆ, ಒಂದು ಹಿಂಸೆಯೂ ಇದೆ. ಗಡ್ಡೆ ಇನ್ನೂ ಮೈಯಲ್ಲೇ ಇರುವುದರಿಂದ ಮದ್ದು ನಾಟುತ್ತಿದೆಯೋ ಇಲ್ಲವೋ ಎಂದು ಡಾಕ್ಟರು ನೋಡಬಹುದು. ರೋಗಿಯೂ ನೋಡಿಕೊಳ್ಳಬಹುದು, ದಿನಾ ರಾತ್ರಿ, ಬಚ್ಚಲುಮನೆಯ ಚಿಲಕ ಹಾಕಿಕೊಂಡು. ನಾನೂ ನೋಡಿಕೊಳ್ಳುತ್ತಿದ್ದೆ. ಅದನ್ನು ದೊಡ್ಡ ತಪ್ಪೆಂದು ಹೇಳಲಾರೆ. ಅಂಥ ಹೊತ್ತಿನಲ್ಲಿ ಕೈ ಕಟ್ಟಿಕೊಂಡು ಕೂರುವ ಹೆಂಗಸನ್ನು ನಾನಂತೂ ಕಂಡಿಲ್ಲ. ಆದರೆ ಅದರ ಬೆನ್ನಿಗೆ ಇನ್ನೊಂದು ಕೆಲಸ ಮಾಡಿದೆ. ಅದರ ಸಾಲವನ್ನು ನನ್ನ ಬೆರಳುಗಳು ಈಗಲೂ ತೀರಿಸುತ್ತಿವೆ.

ನಾನು ಹೊಲಿಗೆ ಟೀಚರ್. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಹೆಣ್ಣುಮಕ್ಕಳಿಗೆ ಕಾಜ ತೆಗೆಯುವುದರಿಂದ ಹಿಡಿದು ಬ್ಲೌಸ್ ಕಟಿಂಗ್‌ವರೆಗೆ ಕಲಿಸಿದವಳು. 54ನೇ ವಯಸ್ಸಿಗೆ ಗಡ್ಡೆ ಕೈಗೆ ಸಿಕ್ಕಿತು. ಬಯಾಪ್ಸಿಯಲ್ಲಿ ಹಾರ್ಮೋನ್ ಪಾಸಿಟಿವ್, ಹರ್-ಟು ನೆಗೆಟಿವ್ ಎಂದು ಬಂತು. ಕಂಕುಳಲ್ಲೂ ಗಂಟಿತ್ತು. ಗಡ್ಡೆ ಸ್ವಲ್ಪ ಕುಗ್ಗಿದರೆ ಸ್ತನ ಉಳಿಸಿ ಆಪರೇಷನ್ ಮಾಡಬಹುದು, ಮೊದಲು ಕಿಮೋ ಕೊಡೋಣ ಎಂದರು. ಮೂರು ವಾರಕ್ಕೊಂದರಂತೆ 4 ‘ಕೆಂಪು ಕಿಮೋ’, ಅಂದರೆ ಆಡ್ರಿಯಾಮೈಸಿನ್ ಮತ್ತು ಸೈಕ್ಲೊಫಾಸ್ಫಮೈಡ್. ಆಮೇಲೆ ವಾರಕ್ಕೊಂದರಂತೆ 12 ಪ್ಯಾಕ್ಲಿಟ್ಯಾಕ್ಸೆಲ್. ಬೆಂಗಳೂರಿನ ಮತ್ತಿಕೆರೆಯಲ್ಲಿ ತಂಗಿಯ ಮನೆಯಿತ್ತು, ಅಲ್ಲೇ ಉಳಿದುಕೊಂಡೆ.

ಡೇ ಕೇರ್ ವಾರ್ಡಿನಲ್ಲಿ ಪಕ್ಕದ ಕುರ್ಚಿಗೆ ಚಿತ್ರದುರ್ಗ ಕಡೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳದು ಟ್ರಿಪಲ್ ನೆಗೆಟಿವ್, ಅಂದರೆ ಹಾರ್ಮೋನೂ ಹರ್-ಟೂ ನೆಗೆಟಿವ್ ಇರುವ ಬಗೆ. ಎರಡನೇ ಸೈಕಲ್ ಮುಗಿಯುವ ಹೊತ್ತಿಗೆ, “ಆಂಟಿ, ನಂದು ಕೈಗೇ ಸಿಗ್ತಿಲ್ಲ,” ಎಂದಳು. ಒಳ್ಳೇದಾಯ್ತು ಕಣಮ್ಮ ಎಂದೆ. ಹೊಟ್ಟೆ ಉರಿಯಿತು. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟಿದ್ದು ನಿಜ. ನನ್ನದು ಸ್ವಲ್ಪ ಮೆತ್ತಗಾದಂತಿತ್ತು, ಅಷ್ಟೇ. ಊರಿಂದ ಫೋನು ಬಂದರೆ ಮೊದಲ ಪ್ರಶ್ನೆಯೇ “ಕರಗ್ತಾ?” ಹೌದು ಎನ್ನಲು ಧೈರ್ಯ ಸಾಲದು, ಇಲ್ಲ ಎನ್ನಲು ಬಾಯಿ ಬಾರದು.

ಆಗ ಶುರುವಾಯಿತು ಟೇಪಿನ ಹುಚ್ಚು. ಹೆಬ್ಬೆರಳು ತೋರುಬೆರಳಿನ ನಡುವೆ ಗಡ್ಡೆ ಹಿಡಿದು, ಆ ಅಂತರವನ್ನು ಟೇಪಿನ ಮೇಲಿಟ್ಟು, ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಒಂದೇ ಹೆಂಗಸಿನ ಎದೆ ಸುತ್ತಳತೆಯನ್ನು ಇಬ್ಬರು ಹುಡುಗಿಯರಿಂದ ತೆಗೆಸಿದರೆ ಅರ್ಧ ಇಂಚು ಹೆಚ್ಚುಕಮ್ಮಿ ಬರುತ್ತದೆ, ಉಸಿರು ಬಿಗಿಹಿಡಿದರೆ ಇನ್ನೂ ಬೇರೆ ಎಂದು ವರ್ಷ ವರ್ಷವೂ ಪಾಠ ಹೇಳಿದವಳು ನಾನೇ. ನನ್ನ ಮೈಗೆ ಬಂದಾಗ ಆ ಪಾಠ ನೆನಪಾಗಲಿಲ್ಲ.

ಕೆಂಪು ಕಿಮೋ ಮುಗಿದು ಪ್ಯಾಕ್ಲಿಟ್ಯಾಕ್ಸೆಲ್ ನಡೆಯುತ್ತಿದ್ದಾಗ ಊರಿಗೆ ಹೋದವಳು, ಡಾಕ್ಟರಿಗೆ ತಿಳಿಸದೆ, ಗುರುತಿನವರಿಂದ ಒಂದು ಚೀಟಿ ಬರೆಸಿಕೊಂಡು ಬೇರೆ ಕಡೆ ಸ್ಕ್ಯಾನಿಂಗ್ ಮಾಡಿಸಿದೆ. ಮೊದಲ ರಿಪೋರ್ಟಿನಲ್ಲಿ 3.6 ಸೆಂ.ಮೀ. ಇದ್ದದ್ದು ಇದರಲ್ಲಿ 3.9. ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ಇಷ್ಟೆಲ್ಲ ಕೂದಲು, ರುಚಿ, ದುಡ್ಡು ಕಳೆದುಕೊಂಡಿದ್ದು ಗಡ್ಡೆಯನ್ನು ಬೆಳೆಸಲಿಕ್ಕೋ?

ಈಗ ಗೊತ್ತಿರುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಟ್ರಾಸೌಂಡ್ ಅಳತೆ ನೋಡುವವರ ಕೈ, ಮಿಷನ್ನು, ಅವರು ಆರಿಸಿಕೊಂಡ ಕೋನ ಇವುಗಳ ಮೇಲೆ ಒಂದಿಷ್ಟು ಆಚೀಚೆ ಆಗುವಂಥದ್ದು. ಅದಕ್ಕೇ ಕಿಮೋ ಕೆಲಸವನ್ನು ಅಳೆಯಲು ಬಳಸುವ ರೆಸಿಸ್ಟ್ ಎಂಬ ನಿಯಮದಲ್ಲಿ, ಉದ್ದಳತೆ 30 ಪ್ರತಿಶತವಾದರೂ ಇಳಿದರೆ ಮಾತ್ರ ಕುಗ್ಗಿದೆ ಎನ್ನುತ್ತಾರೆ, 20 ಪ್ರತಿಶತವಾದರೂ ಏರಿದರೆ ಮಾತ್ರ ಬೆಳೆದಿದೆ ಎನ್ನುತ್ತಾರೆ. ನಡುವಿನದೆಲ್ಲ ‘ಸ್ಟೇಬಲ್’. ನನ್ನ 3.6ರಿಂದ 3.9 ಎಂದರೆ 8 ಪ್ರತಿಶತ ಚಿಲ್ಲರೆ. ಇನ್ನೊಂದು ವಿಷಯ: ಸತ್ತ ಜೀವಕೋಶಗಳ ಜಾಗದಲ್ಲಿ ನಾರು ಬೆಳೆದುಕೊಳ್ಳುತ್ತದೆ. ಕೆಲವು ಗಡ್ಡೆಗಳು ಸುತ್ತಲಿಂದ ಕುಗ್ಗುತ್ತವೆ, ಕೆಲವು ಅಷ್ಟೇ ಅಗಲದಲ್ಲಿದ್ದುಕೊಂಡೇ ಒಳಗಿನಿಂದ ವಿರಳವಾಗುತ್ತವೆ. ಕೈಗೆ ಸಿಗುವುದು ರೋಗವೋ ಕಲೆಯೋ ಎಂಬುದು ಸ್ಕ್ಯಾನಿಗೂ ಎಷ್ಟೋ ಸಲ ತಿಳಿಯುವುದಿಲ್ಲ. ಆಪರೇಷನ್ ಆಗಿ ಪೆಥಾಲಜಿ ರಿಪೋರ್ಟ್ ಬರುವವರೆಗೆ ಯಾರಿಗೂ ಖಚಿತ ಉತ್ತರ ಇರುವುದಿಲ್ಲ.

ಪಕ್ಕದ ಕುರ್ಚಿಯ ಹುಡುಗಿಯ ಜೊತೆ ಹೋಲಿಸಿಕೊಂಡದ್ದಂತೂ ಶುದ್ಧ ಅವಿವೇಕ. ಸುಮಾರು 12,000 ರೋಗಿಗಳ ಮಾಹಿತಿ ಒಟ್ಟುಮಾಡಿ 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಟ್ರಿಪಲ್ ನೆಗೆಟಿವ್‌ನಲ್ಲಿ ಮೂವರಲ್ಲಿ ಒಬ್ಬರಿಗೆ ಕಿಮೋದಿಂದಲೇ ರೋಗ ಪೂರ್ತಿ ಮಾಯವಾಗಿತ್ತು, ನನ್ನಂಥ ಹಾರ್ಮೋನ್ ಪಾಸಿಟಿವ್ ಗಡ್ಡೆಗಳಲ್ಲಿ ಹಾಗಾಗುವುದು ತೀರಾ ಕಡಿಮೆ. ಆದರೆ ಉಳಿಯಿತು ಎಂದರೆ ಕೆಟ್ಟಿತು ಎಂಬ ನಂಟು ಅವರಲ್ಲಿರುವಷ್ಟು ಗಟ್ಟಿಯಾಗಿ ನಮ್ಮಲ್ಲಿಲ್ಲ. ನಮಗೆ ಹಿಂದೆ ಹಾರ್ಮೋನ್ ಮಾತ್ರೆಯ ಬಲವೂ ಇದೆ.

ಇದ್ಯಾವುದೂ ತಿಳಿಯದ ನಾನು ಆ ಮೆಟ್ಟಿಲ ಮೇಲೆ ಒಂದು ತೀರ್ಮಾನಕ್ಕೆ ಬಂದೆ: ಬಾಕಿಯಿರುವ ಪ್ಯಾಕ್ಲಿಟ್ಯಾಕ್ಸೆಲ್ಲಿನಲ್ಲಿ ಒಂದೂ ತಪ್ಪಬಾರದು.

ಅಷ್ಟರಲ್ಲೇ ಬೆರಳ ತುದಿ ಜೋಮು ಹಿಡಿಯುತ್ತಿತ್ತು. ಮೊದಲು ಚಪ್ಪಲಿಯೊಳಗೆ ಮರಳು ಸೇರಿದಂತೆ ಅನಿಸಿತು, ಕೊಡವಿದರೆ ಏನೂ ಇರಲಿಲ್ಲ. ಆಮೇಲೆ ಕೈಬೆರಳು. ಈ ಔಷಧ ಜೀವಕೋಶದೊಳಗಿನ ಸಣ್ಣ ಸಣ್ಣ ನಳಿಕೆಗಳನ್ನು ಬಿಗಿದುಬಿಡುತ್ತದೆ, ಕ್ಯಾನ್ಸರ್ ಕೋಶ ಎರಡಾಗಲಾರದೆ ಸಾಯುತ್ತದೆ. ನರಗಳೂ ತಮ್ಮ ತುದಿಗೆ ಸರಕು ಸಾಗಿಸುವುದು ಅಂಥ ನಳಿಕೆಗಳ ಮೇಲೆಯೇ. ಹೀಗಾಗಿ ಉದ್ದನೆಯ ನರಗಳಿಗೆ, ಅಂದರೆ ಕಾಲು ಕೈಗಳ ತುದಿಗೆ, ಮೊದಲು ಪೆಟ್ಟು. ಔಷಧ ಮೈಗೆ ಸೇರಿದಷ್ಟೂ ಪೆಟ್ಟು ಹೆಚ್ಚು, ನಿಲ್ಲಿಸಿದ ಮೇಲೂ ಕೆಲವರಲ್ಲಿ ಉಳಿದುಕೊಳ್ಳುತ್ತದೆ. ಅದಕ್ಕೇ ವಾರವಾರವೂ ಡಾಕ್ಟರಮ್ಮ ಕೇಳುತ್ತಿದ್ದರು: “ಟೀಚರ್, ಬೆರಳು ಜೋಮು ಹಿಡಿಯುತ್ತಾ? ಗುಂಡಿ ಹಾಕೋಕೆ ಬರುತ್ತಾ?”

“ಬರುತ್ತೆ ಮೇಡಂ, ಏನೂ ತೊಂದರೆ ಇಲ್ಲ.”

ಹೊಲಿಗೆ ಟೀಚರ್‌ಗೆ ಗುಂಡಿಯ ಪ್ರಶ್ನೆ! ಜೋಮು ಇದೆ ಎಂದರೆ ಡೋಸ್ ಇಳಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ ಎಂದು ವಾರ್ಡಿನಲ್ಲಿ ಕೇಳಿ ತಿಳಿದಿದ್ದೆ. ಅದಕ್ಕೇ ಗುಂಡಿಯಿಲ್ಲದ ಟಾಪುಗಳನ್ನೇ ಹಾಕಿಕೊಂಡು ಹೋಗುತ್ತಿದ್ದೆ. ಸಹಿ ವಕ್ರವಾದರೆ ಡ್ರಿಪ್ ಹಾಕಿದ ಕೈ ನೋಯುತ್ತದೆ ಎನ್ನುತ್ತಿದ್ದೆ.

ಸಿಕ್ಕಿಬಿದ್ದದ್ದು ತಂಗಿಯ ಕೈಗೆ. ಅವಳ ಹೊಸ ಸೀರೆಗೆ ಫಾಲ್ ಹಚ್ಚಿಕೊಡುತ್ತೇನೆಂದು ಕೂತಿದ್ದೆ. ಕಾಫಿ ತಂದವಳು ಲೋಟ ಕೆಳಗಿಟ್ಟು, “ಅಕ್ಕಾ, ಏನೇ ಇದು?” ಎಂದು ಕೂಗಿದಳು. ತಿಳಿಹಳದಿ ಫಾಲಿನ ಉದ್ದಕ್ಕೂ, ಗೇಣಿಗೊಂದರಂತೆ, ರಕ್ತದ ಚುಕ್ಕೆಗಳು. ಎಡಗೈ ತೋರುಬೆರಳಿಗೆ ಸೂಜಿ ಚುಚ್ಚುತ್ತ ಬಂದಿದೆ, ನನಗೆ ಒಂದು ಚುಚ್ಚೂ ಗೊತ್ತಾಗಿಲ್ಲ. ಕಿಮೋದಲ್ಲಿರುವವರಿಗೆ ಗಾಯವಾಗಿ ಸೋಂಕು ತಗುಲಿದರೆ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು. ಮುಂದಿನ ವಾರ ನನ್ನನ್ನು ಕೇಳದೆಯೇ ಕನ್ಸಲ್ಟಿಂಗ್ ರೂಮಿನೊಳಕ್ಕೆ ಬಂದು ಎಲ್ಲವನ್ನೂ ಹೇಳಿದಳು. ಬೇರೆ ಕಡೆಯ ಸ್ಕ್ಯಾನಿನ ವಿಷಯವನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಮೇಜಿನ ಮೇಲೊಂದು ನಾಣ್ಯ ಇಟ್ಟು ಎತ್ತಿ ಎಂದರು. ಎತ್ತಲಾಗಲಿಲ್ಲ. “ಗಡ್ಡೆ ನೋಡೋಕೆ ನಂಗೆ ಹತ್ತು ದಾರಿ ಇದೆ ಟೀಚರ್. ಜೋಮಿಗೆ ಯಾವ ಸ್ಕ್ಯಾನ್ ಮಾಡಿಸಲಿ? ನೀವು ಹೇಳಿದ್ದನ್ನೇ ಬರ್ಕೊತೀನಿ,” ಎಂದು ಫೈಲು ತಿರುಗಿಸಿ ತೋರಿಸಿದರು. ಪ್ರತಿ ವಾರದ ಸಾಲಿನಲ್ಲೂ ‘ಜೋಮು ಇಲ್ಲ’ ಎಂದು ಬರೆದಿತ್ತು. ಅವರ ಅಕ್ಷರ, ನನ್ನ ಸುಳ್ಳು. ನೋಡಲು ಯಂತ್ರಗಳಿದ್ದ ಕೆಲಸವನ್ನು ನಾನು ಟೇಪು ಹಿಡಿದು ಮೈಮೇಲೆಳೆದುಕೊಂಡಿದ್ದೆ. ನಾನೊಬ್ಬಳೇ ಮಾಡಬಹುದಾಗಿದ್ದ ಕೆಲಸವನ್ನು ಕೈಬಿಟ್ಟಿದ್ದೆ.

ಉಳಿದ ವಾರಗಳ ಔಷಧ ನಿಲ್ಲಿಸಿ ಆಪರೇಷನ್ ಮಾಡಿದರು. ಸ್ತನ ಉಳಿಯಿತು. ತೆಗೆದ ಭಾಗದಲ್ಲಿ ಹೆಚ್ಚಿನಂಶ ನಾರು, ನಡುನಡುವೆ ಚದುರಿದಂತೆ ಕ್ಯಾನ್ಸರ್ ಕೋಶಗಳು ಎಂದು ಪೆಥಾಲಜಿ ರಿಪೋರ್ಟ್ ಬಂತು. ಪೂರ್ತಿ ಹೋಗಿರಲಿಲ್ಲ, ಹಾಗೆಂದು ಮದ್ದು ಸುಮ್ಮನೆ ಕೂತಿರಲೂ ಇಲ್ಲ. ಮೊದಲೇ ಬಾಯಿಬಿಟ್ಟಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಕೇಳಿದೆ. ಉಳಿಯಬಹುದಿತ್ತು, ಹೀಗೇ ಎಂದು ಹೇಳಲಾಗದು ಎಂದರು. ಆ ಉತ್ತರದ ಮೇಲೆ ಮತ್ತೆ ಪ್ರಶ್ನೆ ಕೇಳಲಿಲ್ಲ.

ರೇಡಿಯೇಷನ್ ಮುಗಿಸಿ ಶಾಲೆಗೆ ಮರಳಿದ್ದೇನೆ. ಸೂಜಿಗೆ ದಾರ ಪೋಣಿಸಿಕೊಡುವುದು ಒಂಬತ್ತನೇ ಕ್ಲಾಸಿನ ಹುಡುಗಿಯರ ಪಾಲಿಗೆ ಬಂದಿದೆ, ಸರದಿಗಾಗಿ ಜಗಳವಾಡುತ್ತಾರೆ. ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ಶುರುವಾಗಿತ್ತು. ಅದರಿಂದ ಬೆಳಗ್ಗೆ ಎದ್ದಾಗ ಬೆರಳ ಗಿಣ್ಣು, ಮಂಡಿ ಹಿಡಿದುಕೊಂಡು ಮಡಿಸಲು ಬಾರದಂತಾಯಿತು. ಯಾವ ಹೊತ್ತಿಗೆ ಎಷ್ಟು ಹೊತ್ತು ಎಂದು ಅಳತೆ ಪುಸ್ತಕದಲ್ಲೇ ಬರೆದುಕೊಂಡು ಹೋಗಿ ಓದಿ ಹೇಳಿದೆ. ಮಾತ್ರೆ ಬದಲಿಸಿಕೊಟ್ಟರು. ಹೊಸ ಮಾತ್ರೆಗೆ ನಡುರಾತ್ರಿ ಮೈ ಬೆವರುತ್ತದೆ. ಮುಂದಿನ ತಿಂಗಳು ಹೋದಾಗ ಅದನ್ನೂ ಹೇಳುವವಳಿದ್ದೇನೆ.